ಮೀನಿನ ಬುಟ್ಟಿಯೂ ಲೋಕದ ಶಾಂತಿಯೂ

(ಒಂದು ವಾಚನಾಲಯದ ವಾರ್ಷಿಕ ಸಮ್ಮೇಲನದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಚಾಲಕರು ನಮಗೆ ನಾಲ್ಕು ಮಾತು ಆಡಲು ಅಪ್ಪಣೆ ಕೊಟ್ಟಾಗ, ಊರ ಸಭೆಯಲ್ಲಿ ನಿಂತು ಶಾಂತಿಯ ಪರವಾಗಿ ಮಾತನಾಡುವ ಸಾಮಾನ್ಯ ಜನರ ವಿಷಯವನ್ನು ನಾವು ಆರಿಸಿಕೊಂಡೆವು. ಆ ಸುದ್ದಿಯು ಹೊರಬಿದ್ದ ದಿನವೇ ಹಿರಿಯರೊಬ್ಬರು ದಾರಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸಿ, "ಏನ್ರೀ, ಗಟಾರ ಬಳಿಯಿಸಲಾರದ ಮ್ಯುನಿಸಿಪಾಲಿಟಿಯು ಲೋಕದ ಯುದ್ಧವನ್ನು ನಿಲ್ಲಿಸೀತೇ? ಅಟ್ಟ ಹತ್ತಲಾರದವನು ಬೆಟ್ಟ ಹತ್ತುವದುಂಟೇ?" ಎಂದು ಕೇಳಿದರು. ಅವರು ಇಂದು ಈ ಸಭೆಯಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿರುವರು. ಅವರ ಮಾತನ್ನು ನಾವು ಹಗುರಾಗಿ ಎಣಿಸಿಲ್ಲ. ಯಾಕೆಂದರೆ ಅದು ಅವರೊಬ್ಬರ ಮಾತಲ್ಲ, ನಮ್ಮಲ್ಲಿ ಬಹುಜನರ ಮನಸ್ಸಿನೊಳಗಿನ ಮಾತು. ಅದಕ್ಕೆ ನಾವು ತರ್ಕದಿಂದ ಉತ್ತರ ಕೊಡಲು ಹೊರಟಿಲ್ಲ. ನಿಜವಾಗಿ ನಡೆದ ಒಂದು ಸಂಗತಿಯನ್ನು ಸಾವಕಾಶವಾಗಿ ಹೇಳುವೆವು. ಅದರಲ್ಲಿ ಉತ್ತರವು ಇದ್ದರೆ ತಾವೇ ತೆಗೆದುಕೊಳ್ಳಬೇಕು.

ಸಂಗತಿಯು ಜಪಾನಿನದು, ಟೋಕಿಯೋ ಪಟ್ಟಣದ್ದು. ಅಷ್ಟು ದೂರದ ಊರಿಗೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಮೊದಲು ಒಂದು ಮಾತು ಹೇಳಿಬಿಡುವೆವು. 1949ರಲ್ಲಿ ಅದೇ ಪಟ್ಟಣದ ತೈತೋ ಎಂಬ ವಾರ್ಡಿನ ಮಕ್ಕಳು ತಮ್ಮದೇ ಆದ ಒಂದು ಮಕ್ಕಳ ಸಭೆಯಲ್ಲಿ ಕೂಡಿ, ತಮಗೊಂದು ಆನೆ ಬೇಕೆಂದು ಕೇಳಿದರು. ಅಲ್ಲಿಯ ಉವೆನೋ ಪ್ರಾಣಿಸಂಗ್ರಹಾಲಯದಲ್ಲಿದ್ದ ಮೂರು ಆನೆಗಳನ್ನು ಯುದ್ಧಕಾಲದಲ್ಲಿ, 1943ರಲ್ಲಿ, ಉಪವಾಸ ಕೆಡವಿ ಕೊಂದಿದ್ದರು. ಮಕ್ಕಳು ಬರೆದ ನೂರಾರು ಪತ್ರಗಳು ನಮ್ಮ ಪ್ರಧಾನಿ ಜವಾಹರಲಾಲ ನೆಹರೂ ಅವರ ಕೈಗೆ ಮುಟ್ಟಿದವು. ಅವರು ತಮ್ಮ ಮಗಳ ಹೆಸರನ್ನಿಟ್ಟು 'ಇಂದಿರಾ' ಎಂಬ ಆನೆಯನ್ನು ಅದೇ ವರುಷ ಕಳಿಸಿಕೊಟ್ಟರು. ಆ ಆನೆಯು ಮೈಸೂರು ಸೀಮೆಯದು. ಅದಕ್ಕೆ ತಿಳಿಯುತ್ತಿದ್ದುದು ಕನ್ನಡ ಮಾತ್ರ. ಅದಕ್ಕಾಗಿ ಟೋಕಿಯೋದ ಪಾಲಕರು ನಮ್ಮ ಮಾವುತರಿಂದ 'ಕೂಡು, ಏಳು' ಎಂಬಂಥ ಅಪ್ಪಣೆಯ ಮಾತುಗಳನ್ನು ಕಲಿಯಬೇಕಾಯಿತು. ಕನ್ನಡವು ಕಡಲು ದಾಟಿ ಶಾಂತಿಯ ಕೆಲಸಕ್ಕೆ ಹೋದ ಬಗೆಯಿದು! ಒಂದು ವಾರ್ಡಿನ ಚಿಕ್ಕ ಮಕ್ಕಳ ಸಭೆಯ ಮಾತು ದಿಲ್ಲಿಯವರೆಗೆ ಕೇಳಿಸಿತೆಂಬದನ್ನು ನೆನಪಿನಲ್ಲಿಟ್ಟು ಈಗ ದೊಡ್ಡವರ ಸಭೆಗೆ ಬರೋಣ.

1954ನೆಯ ಇಸವಿಯ ಮಾರ್ಚ ತಿಂಗಳ 1ನೆಯ ತಾರೀಖು ಬೆಳಗಿನ ಜಾವದಲ್ಲಿ, ಶಾಂತ ಮಹಾಸಾಗರದ ನಡುವೆ ಮಾರ್ಶಲ್ ದ್ವೀಪಸಮೂಹದ ಬಿಕಿನಿ ಎಂಬಲ್ಲಿ ಅಮೆರಿಕದವರು ಒಂದು ಜಲಜನಕದ ಬಾಂಬನ್ನು ಸಿಡಿಸಿದರು. ಹಿರೋಶಿಮಾ ಪಟ್ಟಣವನ್ನು ಸುಟ್ಟ ಬಾಂಬಿನ ಸುಮಾರು ಸಾವಿರ ಪಟ್ಟು ಬಲ ಅದಕ್ಕಿತ್ತು. ಅಲ್ಲಿಂದ 160 ಕಿಲೋಮೀಟರುಗಳಷ್ಟು ದೂರದಲ್ಲಿ, ಅಪಾಯದ ಪ್ರದೇಶವೆಂದು ಅಮೆರಿಕದವರೇ ಗೆರೆ ಕೊರೆದಿದ್ದ ಕಡಲಿನ ಹೊರಗೆ, ಜಪಾನಿನ ಒಂದು ಮೀನುದೋಣಿಯು ಮೀನು ಹಿಡಿಯುತ್ತಿತ್ತು. ಅದರಲ್ಲಿ 23 ಜನ. ದೋಣಿಯ ಹೆಸರಿನ ಅರ್ಥವನ್ನು ಕನ್ನಡದಲ್ಲಿ ಹೇಳುವದಾದರೆ 'ಭಾಗ್ಯದ ಮಹಾನಾಗ, ಐದನೆಯದು' ಎಂದಾಗುವದು. ವಿಧಿಯ ಕುಚೇಷ್ಟೆಯನ್ನು ನೋಡಿರಿ! ಪಡುವಲ ದಿಕ್ಕಿನಲ್ಲಿ ಸೂರ್ಯನು ಹುಟ್ಟಿದಂತೆ ಬೆಳಕಾಯಿತು. ಕೆಲವು ತಾಸಿನ ಮೇಲೆ ಆಕಾಶದಿಂದ ಬಿಳಿಯ ಬೂದಿಯು ಉದುರಹತ್ತಿತು. ಅದು ಪುಡಿಯಾಗಿ ಮೇಲಕ್ಕೆ ಹಾರಿಹೋಗಿದ್ದ ಹವಳದ ದಿಬ್ಬ. ದೋಣಿಯವರು ಆ ಬೂದಿಯನ್ನು ಮೈಮೇಲಿಂದ ಕೊಡವಿಕೊಂಡರು, ಮತ್ತೆ ತಮ್ಮ ಕೆಲಸಕ್ಕೆ ಹತ್ತಿದರು. ಕೆಲವು ದಿನಗಳಲ್ಲಿ ಚರ್ಮವು ಸುಟ್ಟು ಕಪ್ಪಾಯಿತು, ತಲೆಗೂದಲು ಉದುರಿದವು. ಅವರು ಮಾರ್ಚ 14ರಂದು ಯಾಯಿಜು ಎಂಬ ತಮ್ಮ ಬಂದರಿಗೆ ಮುಟ್ಟಿದರು. 16ರಂದು ವರ್ತಮಾನಪತ್ರದಲ್ಲಿ ಸುದ್ದಿಯು ಬಂದಿತು. ಅಷ್ಟರಲ್ಲಿ ಅವರು ತಂದ ಟ್ಯೂನಾ ಮೀನು ಪೇಟೆಗಳಿಗೆ ಹೋಗಿಬಿಟ್ಟಿತ್ತು!

ಇಲ್ಲಿ ತಾವು ಸ್ವಲ್ಪ ನಿಂತು ವಿಚಾರಿಸಬೇಕು. ಹಿರೋಶಿಮಾ ಮತ್ತು ನಾಗಾಸಾಕಿಗಳು ಸುಟ್ಟುಹೋಗಿ ಆಗಲೇ ಎಂಟು ವರುಷಗಳು ಮೀರಿದ್ದವು. ಆದರೆ ಆ ವಿಷಯವಾಗಿ ಜಪಾನಿನ ಜನರು ಮನಬಿಚ್ಚಿ ಮಾತನಾಡಲು ಆಸ್ಪದವಿರಲಿಲ್ಲ. ಗೆದ್ದವರ ಸೇನೆಯು ದೇಶವನ್ನು ಆಳುತ್ತಿದ್ದ ಕಾಲದಲ್ಲಿ ಅಣುಬಾಂಬಿನ ಹಾನಿಯನ್ನು ಕುರಿತು ಬರೆಯುವದಕ್ಕೆ ಕಟ್ಟು ಇದ್ದಿತು. ಆ ಆಳಿಕೆಯು 1952ರ ಎಪ್ರಿಲ್ 28ರಂದು ಮುಗಿಯಿತು. ಆದುದರಿಂದ ಟೋಕಿಯೋದ ಒಬ್ಬ ಗೃಹಿಣಿಗೆ ಅಣುಬಾಂಬು ಎಂಬದು ದೂರದ ಊರಿನ ದುಃಖವಾಗಿತ್ತು, ಅದೂ ಅರ್ಧ ಕೇಳಿ ಅರ್ಧ ಬಿಟ್ಟ ದುಃಖ. ಈಗಲಾದರೋ ಅದು ಮೀನಿನ ಬುಟ್ಟಿಯೊಳಗೆ ಕುಳಿತು ಅವಳ ಅಡಿಗೆಮನೆಯ ಹೊಸ್ತಿಲಿಗೇ ಬಂದಿತು. ಜಪಾನಿನವರಿಗೆ ಮೀನು ಎಂದರೆ ನಮಗೆ ಬೇಳೆ ಇದ್ದಂತೆ, ಅದಿಲ್ಲದೆ ಊಟವಿಲ್ಲ. ಪೇಟೆಯಲ್ಲಿ ಅಧಿಕಾರಿಗಳು ವಿಕಿರಣವನ್ನು ಅಳೆಯುವ ಯಂತ್ರವನ್ನು ಹಿಡಿದು ಮೀನುಗಳ ಮೇಲೆ ಆಡಿಸಹತ್ತಿದರು. ಟೋಕಿಯೋದ ತ್ಸುಕಿಜಿ ಪೇಟೆಯಲ್ಲಿ ಕೆಟ್ಟ ಮೀನನ್ನು ಪೇಟೆಯ ಅಂಗಳದಲ್ಲಿಯೇ ತೆಗ್ಗು ತೋಡಿ ಹುಗಿದರು. ಆ ವರುಷ ಮೀನನ್ನು ಚೆಲ್ಲಬೇಕಾಗಿ ಬಂದ ದೋಣಿಗಳು ಒಂದಲ್ಲ, ಎಂಟು ನೂರಕ್ಕೂ ಮಿಕ್ಕು. ಜನರು ಒಳ್ಳೆಯ ಮೀನನ್ನು ಸಹ ಕೊಳ್ಳದಾದರು. ಗಲ್ಲಿಯ ಮೂಲೆಯಲ್ಲಿ ಗಂಡ-ಹೆಂಡಿರು ಕೂಡಿ ನಡೆಸುವ ಸಣ್ಣ ಮೀನಂಗಡಿಗಳು ಬಾಗಿಲು ಹಾಕುವ ಹೊತ್ತು ಬಂದಿತು.

ಟೋಕಿಯೋದಲ್ಲಿ 23 ವಾರ್ಡುಗಳು. ಪ್ರತಿಯೊಂದಕ್ಕೂ ಜನರೇ ಚುನಾಯಿಸಿದ ಒಂದೊಂದು ಸಭೆ. ನಮ್ಮ ಮ್ಯುನಿಸಿಪಾಲಿಟಿಯಂತೆಯೇ ತಿಳಿಯಿರಿ. ಪಡುವಲ ಭಾಗದಲ್ಲಿಯ ಸುಗಿನಾಮಿ ಎಂಬ ವಾರ್ಡಿನಲ್ಲಿ ಆಗ ಸುಮಾರು 3 ಲಕ್ಷ 90 ಸಾವಿರ ಜನವಸತಿ. ಕಚೇರಿಗೆ ಹೋಗುವವರು, ಶಾಲೆ-ಕಾಲೇಜುಗಳಲ್ಲಿ ಕಲಿಸುವವರು, ಸಣ್ಣ ವ್ಯಾಪಾರಸ್ಥರು ವಾಸಿಸುವ ಭಾಗವದು. 1953ರಲ್ಲಿ ಅಲ್ಲಿ ಒಂದು ಪೌರಸಭಾಗೃಹವು ತೆರೆಯಿತು. ಅದರ ಮುಖ್ಯಸ್ಥರಾದ ಕಾವೊರು ಯಾಸುಯಿ ಎಂಬವರು ಅಂತರರಾಷ್ಟ್ರೀಯ ನ್ಯಾಯಶಾಸ್ತ್ರದ ಪ್ರಾಧ್ಯಾಪಕರು. ವಾರ್ಡಿನ ಪುಸ್ತಕಾಲಯದ ಹೊಣೆಯೂ ಅವರದೇ. ಅವರು ನೆರೆಹೊರೆಯ ಗೃಹಿಣಿಯರನ್ನು ಕೂಡಿಸಿ ಒಂದು ವಾಚನಮಂಡಲವನ್ನು ನಡೆಸಿದರು. ಆ ಹೆಣ್ಣುಮಕ್ಕಳು ಓದಿದ್ದು ಕಥೆ-ಕಾದಂಬರಿಯಲ್ಲ, ಇ. ಎಚ್. ಕಾರ್ ಎಂಬ ಇಂಗ್ಲಿಷ್ ಇತಿಹಾಸಕಾರನ 'ಹೊಸ ಸಮಾಜ' ಎಂಬ ಗ್ರಂಥ! ಒಬ್ಬೊಬ್ಬರು ಒಂದೊಂದು ಭಾಗವನ್ನು ಓದಿ, ತಿಳಿದದ್ದನ್ನೂ ತಿಳಿಯದ್ದನ್ನೂ ಎಲ್ಲರೆದುರು ಹೇಳುವದು. ಮೊದಮೊದಲು ಬಾಯಿ ತೆರೆಯಲಂಜುತ್ತಿದ್ದವರು ಕೆಲವು ತಿಂಗಳಲ್ಲಿ ವಾದಿಸಹತ್ತಿದರೆಂದರೆ ಆಶ್ಚರ್ಯವಿಲ್ಲ. (ನಮ್ಮ ವಾಚನಾಲಯದ ಕಪಾಟಿನ ಬೀಗವು ವರುಷಕ್ಕೆ ಎಷ್ಟು ಸಲ ತೆಗೆಯಲ್ಪಡುವದೆಂಬದನ್ನು ನಾವು ಈ ಶುಭದಿನ ಕೇಳುವದಿಲ್ಲ.) ಜಪಾನಿನ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದೇ ಯುದ್ಧದ ತರುವಾಯ, ಅವರು ಮೊದಲ ಸಲ ಮತ ಹಾಕಿದ್ದು 1946ರ ಎಪ್ರಿಲದಲ್ಲಿ. ಹಕ್ಕು ಕಾಗದದ ಮೇಲೆ ಬಂದು ಎಂಟು ವರುಷಗಳಾಗಿದ್ದವು, ನಾಲಿಗೆಯ ಮೇಲೆ ಬರುವದಿನ್ನೂ ಉಳಿದಿತ್ತು.

1954ರ ಎಪ್ರಿಲ್ 16ರಂದು ಆ ಸಭಾಗೃಹದಲ್ಲಿ ಹೆಣ್ಣುಮಕ್ಕಳ ಸಭೆಯು ಕೂಡಿತ್ತು. ವ್ಯಾಖ್ಯಾನವಾಯಿತು. ವ್ಯಾಖ್ಯಾನ ಮುಗಿದ ಮೇಲೆ ಮೀನಂಗಡಿಯವನ ಹೆಂಡತಿಯೊಬ್ಬಳು ಎದ್ದು ನಿಂತಳು. ಮೀನು ಮಾರುವವರು ಆಗಲೇ ಬಾಂಬಿನ ವಿರುದ್ಧ ಸಹಿಗಳನ್ನು ಕೂಡಿಸಹತ್ತಿದ್ದರು. ತಮ್ಮ ಅಂಗಡಿಗಳ ಗತಿ ಹೀಗಾಗಿದೆ, ಇದು ಮೀನು ಮಾರುವವರ ಪಾಡಷ್ಟೇ ಅಲ್ಲ, ನೀವೂ ಕೈಗೂಡಿಸಬೇಕು ಎಂಬ ಭಾವದ ನಾಲ್ಕು ಮಾತುಗಳನ್ನು ಆಡಿ ಅವಳು ಕುಳಿತಳು. ಅವಳು ರಾಜಕಾರಣಿಯಲ್ಲ, ಪಂಡಿತೆಯಲ್ಲ. ಆದರೆ ಸಭೆಯಲ್ಲಿದ್ದವರೆಲ್ಲರೂ ಅದೇ ಮೀನನ್ನು ಕೊಳ್ಳುವವರು. ಮಾರುವವಳ ಸಂಕಟವೂ ಕೊಳ್ಳುವವರ ಅಂಜಿಕೆಯೂ ಒಂದೇ ಕಡೆಯಿಂದ ಬಂದವೆಂಬದು ಅವರಿಗೆ ಒಮ್ಮೆಲೆ ಹೊಳೆಯಿತು. ಮರುದಿನ, ಎಪ್ರಿಲ್ 17ರಂದು, ಸುಗಿನಾಮಿಯ ವಾರ್ಡು ಸಭೆಯು ಜಲಜನಕದ ಬಾಂಬನ್ನು ನಿಷೇಧಿಸಬೇಕೆಂಬ ಠರಾವನ್ನು ಏಕಮತದಿಂದ ಪಾಸು ಮಾಡಿತು.

ಮಹನೀಯರೇ, 'ಏಕಮತದಿಂದ' ಎಂಬ ಶಬ್ದದ ಬೆಲೆಯನ್ನು ತಿಳಿಯಬೇಕಾದರೆ ಆ ಹೊತ್ತಿನ ಗಾಳಿಯನ್ನು ತಿಳಿಯಬೇಕು. ಜಪಾನಿನ ಪಾರ್ಲಿಮೆಂಟಿನ ಎರಡೂ ಮನೆಗಳು ಅಣುಶಕ್ತಿಯು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಡಬೇಕೆಂದು ಎಪ್ರಿಲ್ 1 ಮತ್ತು 5ರಂದು ಠರಾವುಗಳನ್ನು ಮಾಡಿದ್ದವು. ಆದರೂ 9ರಂದು ಆ ದೇಶದ ವಿದೇಶಮಂತ್ರಿಗಳು ಬಾಂಬಿನ ಪರೀಕ್ಷೆಗಳಲ್ಲಿ ಅಮೆರಿಕಕ್ಕೆ ತಾವು ಸಹಕರಿಸುವೆವೆಂದು ಬಹಿರಂಗವಾಗಿ ನುಡಿದರು. ಅಂದರೆ ದೇಶದ ಸರಕಾರವು ಒಂದು ಕಡೆ ಮುಖ ಮಾಡಿದ ಎಂಟು ದಿನಕ್ಕೆ ಒಂದು ವಾರ್ಡಿನ ಸಭೆಯು ಇನ್ನೊಂದು ಕಡೆ ಮುಖ ಮಾಡಿ ನಿಂತಿತು! ಅದಕ್ಕೂ ಮೊದಲೇ, ಮಾರ್ಚ 27ರಂದು, ಆ ನತದೃಷ್ಟ ದೋಣಿಯ ಊರಾದ ಯಾಯಿಜುವಿನ ನಗರಸಭೆಯು ಅಣುಶಕ್ತಿಯನ್ನು ಆಯುಧವಾಗಿ ಬಳಸುವದನ್ನು ನಿಷೇಧಿಸಬೇಕೆಂದು ಠರಾವು ಮಾಡಿತ್ತು. ನಮ್ಮ ದೇಶವೂ ಸುಮ್ಮನಿರಲಿಲ್ಲವೆಂಬದನ್ನು ಅಭಿಮಾನದಿಂದ ಹೇಳಬೇಕು: ಎಪ್ರಿಲ್ 2ರಂದು ನೆಹರೂ ಅವರು ಲೋಕಸಭೆಯಲ್ಲಿ, ಪರೀಕ್ಷೆಗಳನ್ನಾದರೂ ತತ್ಕಾಲಕ್ಕೆ ನಿಲ್ಲಿಸುವ ಒಂದು ಒಪ್ಪಂದವು ಆಗಲೆಂದು ಸೂಚಿಸಿದರು. ಆ ಮಾತನ್ನು ಸರಕಾರದ ಮಟ್ಟದಲ್ಲಿ ಮೊದಲು ಎತ್ತಿದವರು ಅವರೇ.

ಈಗ ನಮ್ಮ ಹಿರಿಯರ ಪ್ರಶ್ನೆಗೆ ಬರುವೆವು. ವಾರ್ಡಿನ ಸಭೆಗೆ ಬಾಂಬಿನ ಉಸಾಬರಿ ಯಾಕೆ? ನಮ್ಮ ಅಭಿಪ್ರಾಯದಲ್ಲಿ, ಅದು ಗಟಾರದ ಸಭೆಯಾದುದರಿಂದಲೇ ಅದಕ್ಕೆ ಆ ಅಧಿಕಾರವಿರುವದು. ಮೀನುಪೇಟೆಯು ಶುಚಿಯಾಗಿರುವದೋ ಇಲ್ಲವೋ, ಅಂಗಡಿಯವನ ಹೊಟ್ಟೆ ತುಂಬುವದೋ ಇಲ್ಲವೋ, ಶಾಲೆಯ ಮಕ್ಕಳಿಗೆ ಕೊಡುವ ಊಟದಲ್ಲಿ ವಿಷವಿರುವದೋ ಇಲ್ಲವೋ ಎಂಬದನ್ನು ನೋಡುವವರು ಯಾರು? ವಾರ್ಡಿನವರೇ. ಬಾಂಬು ಸಿಡಿದದ್ದು ಬಿಕಿನಿಯಲ್ಲಿ. ಅದರ ಬೂದಿಯು ಬಿದ್ದದ್ದು ಮ್ಯುನಿಸಿಪಾಲಿಟಿಯ ಸರಹದ್ದಿನಲ್ಲಿ. ತನ್ನ ಸರಹದ್ದಿನಲ್ಲಿ ಬಿದ್ದ ಕಸವನ್ನು ಎತ್ತುವವನು ಆ ಕಸವನ್ನು ಚೆಲ್ಲಿದವನಾರೆಂದು ಕೇಳಬಾರದೇ? ಜಪಾನಿನ ಕಾಯದೆಯೂ ಇದಕ್ಕೆ ಅನುಕೂಲವಾಗಿಯೇ ಇತ್ತು. 1947ರಲ್ಲಿ ಜಾರಿಗೆ ಬಂದ ಅವರ ಘಟನೆಯ 16ನೆಯ ಕಲಮು ಯಾರಿಗೇ ಆಗಲಿ ಶಾಂತರೀತಿಯಿಂದ ಮನವಿಯನ್ನು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಅದೇ ವರುಷದ ಸ್ಥಾನಿಕ ಸ್ವರಾಜ್ಯದ ಕಾಯದೆಯ 99ನೆಯ ಕಲಮು ಊರ ಸಭೆಗಳಿಗೆ ತಮ್ಮ ಜನರ ಹಿತದ ವಿಷಯವಾಗಿ ಮೇಲಿನವರಿಗೆ ಅಭಿಪ್ರಾಯಪತ್ರವನ್ನು ಕಳಿಸುವ ಅಧಿಕಾರವನ್ನು ಕೊಟ್ಟಿದೆ. ಕಲಮುಗಳು ನಮ್ಮಲ್ಲಿಯೂ ಬೇಕಾದಷ್ಟಿವೆ. ಕಲಮಿಗೆ ಜೀವ ಬರುವದು ಯಾರಾದರೂ ಎದ್ದು ನಿಂತಾಗ.

ಠರಾವು ಪಾಸಾದರೆ ಕೆಲಸ ಮುಗಿಯಿತೆಂದು ತಿಳಿಯುವದು ಸಭೆಗಳ ಒಂದು ದೊಡ್ಡ ರೋಗ. ಸುಗಿನಾಮಿಯವರು ಹಾಗೆ ತಿಳಿಯಲಿಲ್ಲ. ಮೇ 9ರಂದು ಅದೇ ಸಭಾಗೃಹದಲ್ಲಿ ಮಹಿಳಾ ಸಂಘ, ಮೀನು ವ್ಯಾಪಾರಿಗಳ ಸಂಘ, ಶಾಲೆಗಳ ಪಾಲಕ-ಶಿಕ್ಷಕರ ಸಂಘ, ಕಾರ್ಮಿಕರ ಸಂಘ ಮುಂತಾದವುಗಳ 39 ಜನ ಕೂಡಿ ಒಂದು ಮಂಡಳಿಯನ್ನು ಕಟ್ಟಿದರು. ಯಾಸುಯಿಯವರು ಅದರ ಅಧ್ಯಕ್ಷರಾದರು. ಅಲ್ಲಿ ಆದ ಒಂದು ನಿಶ್ಚಯವನ್ನು ನಾವು ವಿಶೇಷವಾಗಿ ಮೆಚ್ಚಿರುವೆವು. ನಾಲ್ಕು ವರುಷಗಳ ಹಿಂದೆ, 1950ರಲ್ಲಿ, ಸ್ಟಾಕ್‌ಹೋಮಿನಿಂದ ಹೊರಟ ಅಣುಬಾಂಬಿನ ವಿರುದ್ಧದ ಸಹಿಗಳ ಚಳುವಳಿಗೆ ಕಮ್ಯುನಿಸ್ಟರ ಚಳುವಳಿಯೆಂಬ ಹೆಸರು ಬಿದ್ದು, ಎಷ್ಟೋ ಸಾಮಾನ್ಯ ಜನರು ಸಹಿ ಹಾಕಲು ಅಂಜಿದ್ದರು. ಆದುದರಿಂದ ಸುಗಿನಾಮಿಯವರು ತಮ್ಮ ಮಾತನ್ನು ಬಹಳ ಇಕ್ಕಟ್ಟು ಮಾಡಿಕೊಂಡರು. ಜಲಜನಕದ ಬಾಂಬು ಬೇಡ; ಅದು ಯಾವ ದೇಶದ್ದೇ ಇರಲಿ, ಬೇಡ; ಮನುಷ್ಯರ ಜೀವವೂ ಸುಖವೂ ಉಳಿಯಬೇಕು. ಇಷ್ಟೇ. ಯಾವ ಪಕ್ಷದ ಹೆಸರಿಲ್ಲ, ಯಾವ ರಾಷ್ಟ್ರದ ನಿಂದೆಯಿಲ್ಲ. ಮಾತು ಹೆಚ್ಚಿದಂತೆ ಸಹಿಗಳು ಕಡಿಮೆಯಾಗುವವೆಂಬ ಗುಟ್ಟು ಅವರಿಗೆ ತಿಳಿದಿತ್ತು.

ಆ ಮೇಲೆ ಹೆಣ್ಣುಮಕ್ಕಳು ವಹಿಗಳನ್ನು ಹಿಡಿದು ಮನೆಮನೆಗೆ ಹೊರಟರು. ಸೆರಗಿನಲ್ಲಿ ಕೂಸು, ಕೈಯಲ್ಲಿ ಕಾಗದ, ಮಳೆಗಾಲವು ಬೇರೆ. ಎರಡು ತಿಂಗಳೊಳಗೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಸಹಿಗಳು ಕೂಡಿದವು. ಎತ್ತಿಕೊಳ್ಳುವ ಕೂಸುಗಳನ್ನೂ ಲೆಕ್ಕಕ್ಕೆ ಹಿಡಿದು ಆ ವಾರ್ಡಿನ ಒಟ್ಟು ಜನವಸತಿಯು 3 ಲಕ್ಷ 90 ಸಾವಿರವೆಂಬದನ್ನು ನೆನೆದರೆ, ಸಹಿ ಮಾಡದೆ ಉಳಿದ ದೊಡ್ಡವರು ಎಷ್ಟು ಜನ ಇದ್ದಾರು! ಅಗಸ್ಟ 8ರಂದು ದೇಶಕ್ಕೆಲ್ಲ ಒಂದು ಮಂಡಳಿಯಾಯಿತು. ಹಿದೆಕಿ ಯುಕಾವಾ ಎಂಬ ನೊಬೆಲ್ ಪಾರಿತೋಷಕವನ್ನು ಪಡೆದ ವಿಜ್ಞಾನಿಯೂ ಅದರಲ್ಲಿ ಸೇರಿದರು. ಆ ರಾಷ್ಟ್ರೀಯ ಮಂಡಳಿಯ ಕಚೇರಿಯು ಯಾವ ಭವನದಲ್ಲಿತ್ತೆಂದು ತಿಳಿದಿರಿ? ಸುಗಿನಾಮಿಯ ಸಭಾಗೃಹದ ಮುಖ್ಯಸ್ಥರ ಕೋಣೆಯಲ್ಲಿಯೇ. ಅಂಚೆಯವನು ದಿನಾಲು ಗಂಟು ಕಟ್ಟಿದ ಸಹಿಗಳನ್ನು ತಂದು ಸುರಿಯುವನು, ಇವರು ಎಣಿಸಿ ಬರೆದಿಡುವರು. ಸೆಪ್ಟೆಂಬರ 23ರಂದು ದೋಣಿಯ ತಂತಿಯಂತ್ರದವರಾದ ಐಕಿಚಿ ಕುಬೋಯಾಮಾ ಅವರು ದವಾಖಾನೆಯಲ್ಲಿ ತೀರಿಕೊಂಡರು. ಅವರ ವಯಸ್ಸು ನಲವತ್ತು. ಸಹಿಗಳು ಇಮ್ಮಡಿಯಾದವು. ಹನಿ ಹನಿ ಕೂಡಿದರೆ ಹಳ್ಳವೆಂಬಂತೆ 1955ರ ಅಗಸ್ಟದ ಹೊತ್ತಿಗೆ ಮೂರು ಕೋಟಿಗೂ ಮಿಕ್ಕಿದವು. ಆ ತಿಂಗಳ 6ರಂದು ಹಿರೋಶಿಮಾದಲ್ಲಿ ಬಾಂಬುಗಳ ವಿರುದ್ಧದ ಮೊದಲನೆಯ ಜಾಗತಿಕ ಪರಿಷತ್ತು ಕೂಡಿತು. ಹತ್ತು ವರುಷ ಮೂಕರಾಗಿದ್ದ ಹಿರೋಶಿಮಾ-ನಾಗಾಸಾಕಿಗಳ ಸಂತ್ರಸ್ತರು ಅಲ್ಲಿ ದೇಶದೆದುರು ಎದ್ದು ನಿಂತು ಮಾತಾಡಿದರು. ಮರುವರುಷ ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡರು. 2024ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವು ಬಂದದ್ದು ಆ ಸಂಘಕ್ಕೇ.

ಇಷ್ಟನ್ನು ಹೇಳಿ ಮುಗಿಸಿದರೆ ಭಾಷಣವು ಚೆನ್ನಾಗಿಯೇ ಆಗುವದು; ಆದರೆ ಸತ್ಯವು ಅರ್ಧವಾಗುವದು. ಮೂರು ಕೋಟಿ ಸಹಿಗಳು ಬಾಂಬನ್ನು ನಿಲ್ಲಿಸಲಿಲ್ಲ. ಅಮೆರಿಕದವರು 1955ರ ಆರಂಭದಲ್ಲಿ ತಮ್ಮ ಮೇಲೆ ಕಾಯದೆಯ ಹೊಣೆಯಿಲ್ಲವೆಂದು ಹೇಳಿಯೇ 20 ಲಕ್ಷ ಡಾಲರುಗಳನ್ನು ಜಪಾನಕ್ಕೆ ಕೊಟ್ಟರು. 1956ರಲ್ಲಿ ಬಿಕಿನಿಯಲ್ಲಿ ಮತ್ತೆ ಬಾಂಬುಗಳು ಸಿಡಿದವು. ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಪರೀಕ್ಷೆಗಳನ್ನು ಮಾಡಬಾರದೆಂಬ ಒಪ್ಪಂದವು ದೊಡ್ಡ ರಾಷ್ಟ್ರಗಳೊಳಗೆ ಆದದ್ದು 1963ರಲ್ಲಿ. ಅದೇ ಹೊತ್ತಿಗೆ ಜಪಾನಿನ ಚಳುವಳಿಯಲ್ಲಿ ಪಕ್ಷಗಳ ಕಾದಾಟವು ಸೇರಿ, ಒಂದು ಇದ್ದದ್ದು ಒಡೆದು ಎರಡಾಯಿತು. ರಶಿಯದ ಬಾಂಬು ಕೆಟ್ಟದ್ದೋ ಅಲ್ಲವೋ ಎಂಬ ವಾದ! ಮೀನಂಗಡಿಯವಳಿಗೆ ಬಾರದ ಸಂಶಯವು ಮುಂದಾಳುಗಳಿಗೆ ಬಂದಿತು.

ಇನ್ನೊಂದು ಕೊರತೆಯು ನಮಗೆ ಹೆಚ್ಚು ನೋವನ್ನುಂಟುಮಾಡುವದು. ಆ ಬಾಂಬಿನ ಬೂದಿಯು ಬಿದ್ದದ್ದು ದೋಣಿಯ 23 ಜನರ ಮೇಲೆಯೇ ಅಲ್ಲ. ರೊಂಗೆಲಾಪ್ ಮುಂತಾದ ದ್ವೀಪಗಳಲ್ಲಿಯ ಮಾರ್ಶಲ್ ಜನರ ಮೇಲೆಯೂ ಅವರ ಮಕ್ಕಳ ಮೇಲೆಯೂ ಬಿದ್ದಿತ್ತು. ಸುಗಿನಾಮಿಯ ಠರಾವಾದ ಮೂರು ದಿನಕ್ಕೆ, ಎಪ್ರಿಲ್ 20ರಂದು, ಆ ದ್ವೀಪಗಳ ಮುಖ್ಯಸ್ಥರೂ ಶಿಕ್ಷಕರೂ ಕೂಡಿ ವಿಶ್ವಸಂಸ್ಥೆಗೆ ಒಂದು ಮನವಿಯನ್ನು ಬರೆದರು: ಇಂಥ ಪರೀಕ್ಷೆಗಳನ್ನು ಕೂಡಲೇ ನಿಲ್ಲಿಸಬೇಕು, ಅದು ಆಗದಿದ್ದರೆ ನಮ್ಮ ಜೀವವನ್ನಾದರೂ ಕಾಯುವ ವ್ಯವಸ್ಥೆ ಮಾಡಬೇಕು ಎಂದು. ಎಷ್ಟು ವಿನಯದ ಬೇಡಿಕೆ! ಪರೀಕ್ಷೆಗಳು ನಡೆದೇ ಇದ್ದವು. 1946ರಿಂದ 1958ರವರೆಗೆ ಆ ದ್ವೀಪಗಳಲ್ಲಿ ಅವರು ಸಿಡಿಸಿದ ಬಾಂಬುಗಳು 67. ಸುಗಿನಾಮಿಯವರ ದನಿ ಲೋಕಕ್ಕೆ ಕೇಳಿಸಿತು, ಇವರದು ಕೇಳಿಸಲಿಲ್ಲ. ಒಂದೇ ಬೂದಿ ಬಿದ್ದವರು ಒಬ್ಬರನ್ನೊಬ್ಬರು ಅರಿಯದೆ ಬೇರೆ ಬೇರೆಯಾಗಿ ಕೂಗಿದರು. ಇದನ್ನು ಮುಚ್ಚಿಡುವದು ನಮಗೆ ಸರಿದೋರದು.

ಹಾಗಾದರೆ ಊರ ಸಭೆಯ ಮಾತಿನಿಂದ ಏನಾಯಿತು? ಒಂದು ದೇಶದಲ್ಲಿ 'ಇದು ಹೇಳಬಾರದ ಮಾತು' ಎಂಬ ಅಂಜಿಕೆಯು ಹೋಯಿತು. ಅದು ಸಣ್ಣ ಫಲವಲ್ಲ. ಕೋಬೆ ಎಂಬ ಬಂದರಿನ ನಗರಸಭೆಯು 1975ರ ಮಾರ್ಚ 18ರಂದು ಅಣ್ವಸ್ತ್ರವುಳ್ಳ ಯಾವ ಹಡಗೂ ತನ್ನ ಬಂದರಿಗೆ ಬರಕೂಡದೆಂದು ಠರಾವು ಮಾಡಿತು. ಬರುವ ಯುದ್ಧನೌಕೆಯು ತನ್ನಲ್ಲಿ ಅಂಥ ಆಯುಧವಿಲ್ಲವೆಂದು ಬರೆದುಕೊಡಬೇಕು. ಹಾಗೆ ಬರೆದುಕೊಡಲೊಲ್ಲದ ಅಮೆರಿಕದ ನೌಕೆಗಳು ದಶಕಗಳ ಪರ್ಯಂತ ಆ ಬಂದರಿನತ್ತ ಮುಖ ಹಾಕಲಿಲ್ಲ. ಬಂದರನ್ನು ನೋಡಿಕೊಳ್ಳುವದು ನಗರಸಭೆಯ ಕೆಲಸವಷ್ಟೇ. ತನ್ನ ಕೆಲಸದ ಮಿತಿಯಲ್ಲಿಯೇ ನಿಂತು ಅದು ಲೋಕದ ಬಲಿಷ್ಠ ನೌಕಾಬಲಕ್ಕೆ ಬಾಗಿಲು ಹಾಕಿತು. 2021ರಲ್ಲಿ ಜಾರಿಗೆ ಬಂದ ಅಣ್ವಸ್ತ್ರನಿಷೇಧದ ಒಪ್ಪಂದಕ್ಕೆ ಜಪಾನು ಸೇರಬೇಕೆಂದು ಅಲ್ಲಿಯ ನೂರಾರು ಊರ ಸಭೆಗಳು ತಮ್ಮ ಸರಕಾರಕ್ಕೆ ಅಭಿಪ್ರಾಯಪತ್ರಗಳನ್ನು ಕಳಿಸಿವೆ.

ಬೇರೆ ದೇಶಗಳಲ್ಲಿಯೂ ಈ ಪದ್ಧತಿಯುಂಟು. ಅಮೆರಿಕದ ಶಿಕಾಗೋ ನಗರಸಭೆಯು 2003ರ ಜನೆವರಿಯಲ್ಲಿ ತನ್ನದೇ ಸರಕಾರವು ಇರಾಕದ ಮೇಲೆ ಸಾಗಿಸಿದ್ದ ಯುದ್ಧಸಿದ್ಧತೆಯನ್ನು 46ಕ್ಕೆ 1 ಮತದಿಂದ ವಿರೋಧಿಸಿತು. ಯುದ್ಧವು ಆದರೂ ಮಾರ್ಚದಲ್ಲಿ ಆರಂಭವಾಯಿತು. ಅದೇ ನಗರಸಭೆಯು 2024ರ ಜನೆವರಿ 31ರಂದು ಗಾಝಾದಲ್ಲಿ ಕದನವಿರಾಮವಾಗಬೇಕೆಂಬ ಠರಾವನ್ನು ಎತ್ತಿಕೊಂಡಾಗ ಮತಗಳು 23-23ರಂತೆ ಸರಿಯಾಗಿ, ಮಹಾಪೌರರ ಒಂದು ಮತದಿಂದ ಅದು ಪಾಸಾಯಿತು. ಆ ದಿನ ಕೂಗಾಟವು ಮಿತಿಮೀರಿ, ಪ್ರೇಕ್ಷಕರ ಮಜಲನ್ನೇ ಖಾಲಿ ಮಾಡಿಸಬೇಕಾಯಿತು! ಶಾಂತಿಯನ್ನು ಬೇಡಲು ಬಂದವರ ಸಭೆಯಲ್ಲಿಯೇ ಶಾಂತಿಯಿಲ್ಲದಾಯಿತು. ಯಾರದು ಸರಿ, ಯಾರದು ತಪ್ಪು ಎಂಬ ತೀರ್ಪನ್ನು ನಾವು ಇಲ್ಲಿ ಕೊಡಬೇಕಾಗಿಲ್ಲ. ಆದರೆ ನೊಂದವರ ದನಿಯು ಗದ್ದಲದಲ್ಲಿ ಮುಳುಗುವದು ಹೇಗೆಂಬದನ್ನೂ, ಮೀನಂಗಡಿಯವಳ ನಾಲ್ಕು ಮಾತು ನಾಟಿದ್ದು ಹೇಗೆಂಬದನ್ನೂ ಒತ್ತಟ್ಟಿಗಿಟ್ಟು ನೋಡುವದು ಶಿಕ್ಷಕರಾದ ತಮಗೆ ಪ್ರಯೋಜನಕರವಾದೀತು.

ನಮ್ಮಲ್ಲಿಗೆ ಬರೋಣ. 1993ರ ಕರ್ನಾಟಕದ ಕಾಯದೆಯು ಪ್ರತಿ ಪಂಚಾಯತಿಯಲ್ಲಿ ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕೆಂದು ವಿಧಿಸಿದೆ. ಮತದಾರರ ಯಾದಿಯಲ್ಲಿ ಹೆಸರಿದ್ದವರೆಲ್ಲರೂ ಅದರ ಸದಸ್ಯರು. ಅಲ್ಲಿ ಎದ್ದು ನಿಂತು ಮಾತನಾಡಲು ಯಾರ ಶಿಫಾರಸೂ ಬೇಕಾಗಿಲ್ಲ. ಆದರೆ ಅಲ್ಲಿ ನಡೆಯುವದೇನು? ಮನೆಯ ಯಾದಿ, ಶೌಚಾಲಯದ ಯಾದಿ, ಚಹಾ, ಹಾಜರಿಯ ಸಹಿ. ಯಾದಿಗಳು ಬೇಕೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಹಸಿದವನಿಗೆ ಅವೇ ಮೊದಲು. ಆದರೆ ಯುದ್ಧವು ನಮ್ಮ ಹೊಸ್ತಿಲಿಗೆ ಬಂದಿಲ್ಲವೆಂದು ಹೇಳಬಲ್ಲಿರಾ? 2022ರ ಮಾರ್ಚ 1ರಂದು, ಬಿಕಿನಿಯ ಬಾಂಬಿಗೆ ಸರಿಯಾಗಿ 68 ವರುಷಗಳು ತುಂಬಿದ ದಿನ, ವೈದ್ಯವಿದ್ಯೆಯನ್ನು ಕಲಿಯಲು ಯುಕ್ರೇನಿಗೆ ಹೋಗಿದ್ದ ಕರ್ನಾಟಕದ ವಿದ್ಯಾರ್ಥಿಯೊಬ್ಬನು ಖಾರ್ಕಿವ್ ಪಟ್ಟಣದಲ್ಲಿ ತೋಫಿನ ಗುಂಡಿಗೆ ಬಲಿಯಾದನು. ಆ ಸುದ್ದಿಯನ್ನು ಓದಿ ಕಣ್ಣೊರಸಿಕೊಳ್ಳದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಕಣ್ಣೀರಿಗೂ ಠರಾವಿಗೂ ನಡುವೆ ಇರುವ ಅಂತರವು ಬಹಳ ದೊಡ್ಡದಲ್ಲ. ಸುಗಿನಾಮಿಯಲ್ಲಿ ಅದು ಒಂದೇ ದಿನದ್ದಾಗಿತ್ತು.

ಶಾಂತಿಯೆಂದರೆ ಯುಕ್ರೇನು, ಗಾಝಾಗಳದ್ದೇ ಎಂದು ತಾವು ತಿಳಿಯಬಾರದು. ಒಂದು ಓಣಿಗೂ ಇನ್ನೊಂದು ಓಣಿಗೂ ಮನಸ್ಸು ಕೆಟ್ಟು, ಸಂಜೆಯಾದರೆ ಪೇಟೆಯ ಬಾಗಿಲುಗಳು ಬೀಳುವಂಥ ದಿನಗಳನ್ನು ನಾವು ನೋಡಿರುವೆವು. ಅಂಥ ಹೊತ್ತಿನಲ್ಲಿ ಊರ ಸಭೆಯು ಕೂಡಿದರೆ ಮಾತನಾಡುವವರು ಯಾರು? ಎರಡೂ ಕಡೆಯ ಪುಢಾರಿಗಳು. ಅಂಗಡಿ ಮುಚ್ಚಿದ್ದರಿಂದ ಆ ದಿನ ಒಲೆ ಹೊತ್ತಿಸದವಳು, ಮಗನು ಮನೆಗೆ ಬರುವತನಕ ಬಾಗಿಲಲ್ಲಿ ನಿಂತವಳು ಮಾತನಾಡುವದಿಲ್ಲ. ಅವಳು ಮಾತನಾಡುವಂತೆ ಮಾಡುವದಕ್ಕೆ ಶಿಕ್ಷಕರಾದ ತಮ್ಮಿಂದ ಬಹಳವಾಗುವದು. ಯಾಸುಯಿಯವರು ಮಾಡಿದ್ದು ಭಾಷಣವಲ್ಲ. ಒಂದು ಪುಸ್ತಕವನ್ನು ಮುಂದಿಟ್ಟುಕೊಂಡು ಹೆಣ್ಣುಮಕ್ಕಳನ್ನು ಸುತ್ತಲೂ ಕೂಡಿಸಿದ್ದು, ತಿಂಗಳುಗಟ್ಟಲೆ. ಈ ವಾಚನಾಲಯದ ಚಾಲಕರು ವಾರಕ್ಕೊಂದು ಮಧ್ಯಾಹ್ನ, ಹೆಣ್ಣುಮಕ್ಕಳಿಗೆ ಅನುಕೂಲವಾದ ಹೊತ್ತಿನಲ್ಲಿ, ಈ ಕೋಣೆಯನ್ನು ಅಂಥ ಒಂದು ಮಂಡಲಕ್ಕೆ ಬಿಟ್ಟುಕೊಡಬೇಕೆಂದು ನಮ್ಮ ಬೇಡಿಕೆ. ಪುಸ್ತಕವನ್ನು ಅವರೇ ಆರಿಸಲಿ. ಖರ್ಚು ಏನೂ ಇಲ್ಲ. ಕಪಾಟಿನ ಕೀಲಿಕೈ ಒಂದು ಸಿಕ್ಕರೆ ಸಾಕು.

ಸುಗಿನಾಮಿಯ ಆ ಸಭಾಗೃಹವು ಈಗ ಇಲ್ಲ. ಹಳೆಯದಾಯಿತೆಂದು 1989ರಲ್ಲಿ ಕೆಡವಿದರು, ಅದು ಇದ್ದಲ್ಲಿ ಒಂದು ಸ್ಮಾರಕವಿದೆ. ದೋಣಿಯು ಮಾತ್ರ ಉಳಿದಿದೆ. ಕಸದ ದಿಬ್ಬದಲ್ಲಿ ಬಿದ್ದಿದ್ದ ಅದನ್ನು ಜನರೇ ಗುರುತಿಸಿ ಉಳಿಸಿಕೊಂಡರು. 1976ರಿಂದ ಟೋಕಿಯೋದ ಯುಮೆನೊಶಿಮಾ ಎಂಬಲ್ಲಿ ಒಂದು ದೊಡ್ಡ ಮನೆಯೊಳಗೆ ನಿಲ್ಲಿಸಿದ್ದಾರೆ, ಶಾಲೆಯ ಮಕ್ಕಳು ಸಾಲುಸಾಲಾಗಿ ಬಂದು ನೋಡುವರು. ಆ ದೋಣಿಯಲ್ಲಿದ್ದವರೊಬ್ಬರು, ಮತಾಶಿಚಿ ಓಇಶಿ ಎಂಬವರು, ಮುಂದೆ ಟೋಕಿಯೋದಲ್ಲಿ ಬಟ್ಟೆ ಒಗೆಯುವ ಅಂಗಡಿಯನ್ನಿಟ್ಟು ಬಹುಕಾಲ ತಮ್ಮ ಗುರುತನ್ನು ಹೇಳದೆ ಬದುಕಿದರು. ಆ ಮೇಲೆ ಮನಸ್ಸು ಗಟ್ಟಿಮಾಡಿ ಶಾಲೆಶಾಲೆಗೆ ಹೋಗಿ ನೂರಾರು ಸಲ ಮಕ್ಕಳ ಮುಂದೆ ತಮ್ಮ ಕಥೆಯನ್ನು ಹೇಳಿದರು, 2021ರಲ್ಲಿ ತೀರಿಕೊಂಡರು. ಪೇಟೆಯ ಅಂಗಳದಲ್ಲಿ ಹುಗಿದ ಆ ಮೀನುಗಳ ನೆನಪಿಗೊಂದು ಕಲ್ಲು ಬೇಕೆಂದು ಅವರು ಹತ್ತು-ಹತ್ತು ಯೆನ್ನುಗಳ ನಾಣ್ಯಗಳನ್ನು ಜನರಿಂದ ಕೂಡಿಸಿ ಅದನ್ನು ಕೆತ್ತಿಸಿದರು.

ನಮ್ಮ ಮಾತು ಇಲ್ಲಿಗೆ ಮುಗಿಯಿತು.  ಕೇಳತಕ್ಕವರು ಕೇಳಬಹುದು, ಹೇಳತಕ್ಕವರು ಹೇಳಬಹುದು. ಹೆಣ್ಣುಮಕ್ಕಳು ಹಿಂದಿನ ಸಾಲಿನಲ್ಲಿ ಕುಳಿತಿರುವರು. ಮೊದಲು ಅವರಿಗೆ ಅವಕಾಶ ಕೊಡಬೇಕೆಂದು ಅಧ್ಯಕ್ಷರಲ್ಲಿ ನಮ್ಮ ಪ್ರಾರ್ಥನೆ.